ಕುಂಕುಮ ಹಚ್ಚಿದ ಸ್ಪೇರ್ ಮಿಷನ್ನು

ಕ್ಯಾಸಂಬಳ್ಳಿಯಲ್ಲಿ ನಮ್ಮಪ್ಪನದೊಂದು ರಾಗಿ ಬೀಸುವ ಮಿಷನ್ನಿತ್ತು. ಎಂಬತ್ತರ ದಶಕದಲ್ಲಿ, ಒಂದು ಸುಗ್ಗಿ ಚೆನ್ನಾಗಿ ನಡೆದ ಖುಷಿಗೆ, ಅಪ್ಪ ಬಂಗಾರಪೇಟೆಯಿಂದ ಇನ್ನೊಂದನ್ನು ತಂದು ಮೂಲೆಯಲ್ಲಿ ನಿಲ್ಲಿಸಿದರು. ಓಡಿಸಲಿಕ್ಕಲ್ಲ, ಇರಲಿ ಅಂತ. ಅದಕ್ಕೆ ಗೋಣಿಚೀಲದ ಹೊದಿಕೆ, ಶುಕ್ರವಾರ ಕುಂಕುಮ, ಊದುಬತ್ತಿ. ದಿನವಿಡೀ ದುಡಿಯುವ ಹಳೆಯದಕ್ಕೆ ಆ ಭಾಗ್ಯ ಆಯುಧಪೂಜೆಗೆ ಮಾತ್ರ. ಬಂದವರಿಗೆಲ್ಲ ಅಪ್ಪ ಹೊದಿಕೆ ಎತ್ತಿ, ಮದುಮಗಳ ಮುಖ ತೋರಿಸುವ ಹಾಗೆ ತೋರಿಸುತ್ತಿದ್ದರು.

ಅಮ್ಮ ಒರಳಲ್ಲಿ ಖಾರದಪುಡಿ ಕುಟ್ಟಿ, ರಾಬರ್ಟ್‌ಸನ್‌ಪೇಟೆಯ ಒಂದು ಮೆಸ್ಸಿಗೆ ಬಸ್ಸಿನಲ್ಲಿ ಒಯ್ಯುತ್ತಿದ್ದಳು. ಗಣಿ ಕೆಲಸದವರು ಉಣ್ಣುವ ಜಾಗ. ಖಾರ ಎಷ್ಟಿದ್ದರೂ ಸಾಲದು. ಇನ್ನೆರಡು ಮೆಸ್ಸಿನವರೂ ಕೇಳಿದಾಗ ಅವಳ ಕಣ್ಣು ಮೂಲೆಗೆ ಹೋಯಿತು.

“ಸ್ಪೇರ್‌ನ ಓಡಿಸ್ಬಿಟ್ರೆ ಅದು ಸ್ಪೇರ್ ಎಂಗಾಯ್ತದೆ? ಸುಮ್ಕಿರೇ!” ಅಂದರು ಅಪ್ಪ. ಇಂಥ ಆಡಳಿತಜ್ಞಾನ ಓದಿ ಬರುವಂಥದ್ದಲ್ಲ.

ಅಪ್ಪ ಮದುವೆಗೆಂದು ಕುಪ್ಪಂ ಕಡೆ ಹೋದಾಗ ಅಮ್ಮ ಹೊದಿಕೆ ತೆಗೆದಳು. ವಾಪಸು ಬಂದ ಅಪ್ಪನಿಗೆ ಬೀದಿ ತುದಿಯಿಂದಲೇ ಮೆಣಸಿನಕಾಯಿ ಘಾಟಿಗೆ ಸೀನು. ಕೂಗಾಡಿದರು, ಊಟ ಬಿಟ್ಟರು. ಪುಡಿ ಮೂರು ಮೆಸ್ಸಿಗೂ ಹೋಗತೊಡಗಿದ ಮೇಲೆ, ಅದು ತಮ್ಮದೇ ಐಡಿಯಾ ಎಂದು ಬಂಗಾರಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಒಂದು ಹಬ್ಬದ ಹಿಂದಿನ ದಿನ ಹಳೆಯ ಮಿಷನ್ನಿನ ಮೋಟಾರು ಸುಟ್ಟುಹೋಯಿತು. ರಾಗಿ ಹೊತ್ತವರು ಸಾಲುಗಟ್ಟಿದ್ದರು. ಅಪ್ಪನ ಮುಖ ಅರಳಿತು.

“ನೋಡಿದ್ಯಾ, ಸ್ಪೇರ್ ಇರೋದು ಇದ್ಕೇ!”

“ಮೊದ್ಲು ತೌಡು ಆಕಿ ಓಡ್ಸಿ, ಖಾರ ಓಗ್ಲಿ,” ಅಂದಳು ಅಮ್ಮ.

“ಜನ ಕಾಯ್ತಾವ್ರೆ ಕಣೇ,” ಎಂದವರೇ ರಾಗಿ ಸುರಿದುಬಿಟ್ಟರು.

ಅವತ್ತು ಊರಿಗೆ ಊರೇ ಮುದ್ದೆ ನುಂಗಿ ಬಾವಿ ಕಡೆ ಓಡಿತು. ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಕನ್ನಡದಲ್ಲೂ ಬೈಗುಳ, ತೆಲುಗಿನಲ್ಲೂ ಬೈಗುಳ. ಅಪ್ಪ ಎಲ್ಲರೆದುರೇ ತೀರ್ಪು ಕೊಟ್ಟರು: “ಇವತ್ತಿಂದ ಮೆಣಸಿನಕಾಯಿ ಬಂದ್!” ನನಗೆ ಮೈಯೆಲ್ಲ ಉರಿಯಿತು. ಅಮ್ಮನ ಕೈ ಮತ್ತೆ ಒರಳಿಗೇ ಬೀಳುವುದನ್ನು ನೆನೆದರೆ ಈಗಲೂ ಉರಿಯುತ್ತದೆ.

ಅಮ್ಮ ಪುಡಿಯ ದುಡ್ಡಿನಲ್ಲಿ ಸುಟ್ಟ ಮೋಟಾರು ರಿಪೇರಿ ಮಾಡಿಸಿದಳು. ಜೊತೆಗೆ ಹಸಿರು ಬಣ್ಣ ಹೊಡೆದ ಮೂರನೆಯ ಮಿಷನ್ನೊಂದನ್ನು ತಂದು ನಿಲ್ಲಿಸಿದಳು.

“ತಕಳ್ಳಿ, ನಿಮ್ ಸ್ಪೇರು. ಇದನ್ನ ಯಾರೂ ಮುಟ್ಟಾಕಿಲ್ಲ. ನನ್ ಖಾರಕ್ಕೆ ಆ ಮೊದ್ಲಿನ ಸ್ಪೇರ್‌ನ ಬಿಟ್ಬಿಡಿ.”

ಅಪ್ಪನಿಗೆ ಆನಂದವೋ ಆನಂದ. ಅದಕ್ಕೂ ಹೊದಿಕೆ, ಶುಕ್ರವಾರ ಕುಂಕುಮ. ಅಮ್ಮನ ಪುಡಿ ಬಂಗಾರಪೇಟೆಯ ಅಂಗಡಿಗಳನ್ನೂ ಮುಟ್ಟಿತು. ಇಷ್ಟೆಲ್ಲ ಬೆಳೆದದ್ದು ಮೂಲೆಯ ಆ ದೇವರ ದಯೆಯಿಂದ ಎಂದು ಅಪ್ಪ ಕೊನೆತನಕ ನಂಬಿದ್ದರು.

ಆ ಹಸಿರು ಮಿಷನ್ನನ್ನು ಅಮ್ಮ ತಂದದ್ದು ಗುಜರಿಯಿಂದ. ಮೋಟಾರಿನೊಳಗೆ ತಂತಿಯೇ ಇರಲಿಲ್ಲ. ಓಡಿಸಿದರೆ ತಾನೇ ಗೊತ್ತಾಗುವುದು.