ಟ್ಯಾಂಕಿನ ಹಣೆಗೆ ಕುಂಕುಮ

ಮಹಾಯುದ್ಧ ಮುಗಿದು, ಸೈನ್ಯದ ಹಳೆಯ ಸಾಮಾನು ಹರಾಜಿಗೆ ಬರುತ್ತಿದ್ದ ಕಾಲ ಅದು. ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮ ಕಾಕಾ ಬಬಲೇಶ್ವರದ ಮನೆಗೆ ಒಂದು ಅಮೇರಿಕದ ಮೋಟಾರ್ ಸೈಕಲ್ ತಂದಿದ್ದ. ಎರಡೂವರೆ ಚೀಲ ಜೋಳದಷ್ಟು ಭಾರ. ಕತ್ತರಿಯ ಕಾಲಿನಂತೆ ಅಗಲಿಸಿ ನಿಂತ ಎರಡು ಸಿಲಿಂಡರು. ಕ್ಲಚ್ಚು ಎಡಗಾಲಿಗೆ, ಗೇರು ಟ್ಯಾಂಕಿನ ಪಕ್ಕದಲ್ಲಿ ಕೈಗೆ, ಮೂರೇ ಗೇರು. ಕಾಕಾ ಇದನ್ನೆಲ್ಲ ನನಗೂ ತಮ್ಮ ಈರಣ್ಣನಿಗೂ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದ. ಟ್ಯಾಂಕಿನ ಮುಚ್ಚಳದಲ್ಲಿ ಸಣ್ಣ ತೂತು ಯಾಕಿದೆ ಎಂದು ಕೇಳಿದರೆ, "ಉಸಿರಾಡಾಕ" ಎಂದು ಇಬ್ಬರೂ ಕೂಗುತ್ತಿದ್ದೆವು.

ಅಮಾವಾಸ್ಯೆಗೆ ಎತ್ತು, ಬಂಡಿ, ನೇಗಿಲಿಗೆ ನಮ್ಮಲ್ಲಿ ಪೂಜೆ. ಅವ್ವ ಬಾಣಂತಿಯಾಗಿದ್ದರಿಂದ ಆ ಸಲ ಕುಂಕುಮ ಹಚ್ಚುವ ಕೆಲಸ ಒಂಬತ್ತು ವರ್ಷದ ನನ್ನ ಪಾಲಿಗೆ ಬಂತು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಎತ್ತುಗಳ ಹಣೆಗೆ ಹಚ್ಚಿದೆ. ಕಾಕಾನ ಮೋಟಾರ್ ಗಾಡಿಯ ಹಣೆ ಯಾವುದೆಂದು ಹುಡುಕಿ, ಟ್ಯಾಂಕಿನ ಮುಚ್ಚಳದ ಮೇಲೆ ದಪ್ಪಗೆ ಮೆತ್ತಿದೆ.

ಮರುದಿನ ಮುಂಜಾನೆ ಶೇಂಗಾ ತಿನ್ನುತ್ತ ಓಡುತ್ತಿದ್ದ ಐದು ವರ್ಷದ ಈರಣ್ಣನ ಗಂಟಲಲ್ಲಿ ಕಾಳೊಂದು ಸಿಕ್ಕಿಕೊಂಡಿತು. ಬೆನ್ನು ಗುದ್ದಿದರು, ತಲೆಕೆಳಗು ಹಿಡಿದರು, ಬೀಳಲಿಲ್ಲ. ಅವನ ಉಸಿರು ಸೀಟಿಯಂತೆ ಕೇಳತೊಡಗಿತು. ಅಪ್ಪ ತಿಕೋಟಾಕ್ಕೆ ಹೋಗಿದ್ದ. ಬಾಣಂತಿ ಗಾಳಿಗೆ ಹೊರಬೀಳುವಂತಿರಲಿಲ್ಲ. ಕಾಕಾ ನನ್ನನ್ನು ಹಿಂದೆ ಕೂರಿಸಿ, ನನ್ನ ತೊಡೆಯ ಮೇಲೆ ಈರಣ್ಣನನ್ನಿಟ್ಟು, ರುಮಾಲಿನಿಂದ ಇಬ್ಬರನ್ನೂ ತನ್ನ ಸೊಂಟಕ್ಕೆ ಬಿಗಿದುಕೊಂಡ. ಬಿಜಾಪುರದ ದವಾಖಾನೆಗೆ ಹದಿನೈದು ಮೈಲಿ.

ಮೂರನೇ ಮೈಲಿಗೆ ಗಾಡಿ ಬಿಕ್ಕಿ ನಿಂತಿತು. ಕಾಕಾ ಮುಚ್ಚಳ ತೆಗೆದು ನೋಡಿದ; ಪೆಟ್ರೋಲು ಇತ್ತು. ಮುಚ್ಚಿ ಕಿಕ್ ಹೊಡೆದ, ಹೊರಟಿತು. ಎರಡು ಮೈಲಿ ಹೋಗಿ ಮತ್ತೆ ನಿಂತಿತು. ಪ್ಲಗ್ಗು ಬಿಚ್ಚಿ ಒರೆಸುವಾಗ ಅವನ ಬೆರಳು ಸುಟ್ಟಿತು. ಎಷ್ಟು ಒದ್ದರೂ ಗಾಡಿ ಏಳಲಿಲ್ಲ. ಎಂಜಿನ್ ಸುಮ್ಮನಾದಾಗ ಈರಣ್ಣನ ಸೀಟಿಯೊಂದೇ ಕೇಳುತ್ತಿತ್ತು. ಅದೂ ಸಣ್ಣದಾಗುತ್ತಿತ್ತು. ತುಟಿ ನೀಲಿಯಾಗಿತ್ತು.

ಆಗ ಆ ಕೆಂಪು ಮುಚ್ಚಳ ನನ್ನ ಕಣ್ಣಿಗೆ ಬಿತ್ತು. ಬೈಗುಳಕ್ಕೆ ಹೆದರಿ ಕಣ್ಣು ಬೇರೆಡೆ ತಿರುಗಿಸಿದೆ. ಈರಣ್ಣ ನನ್ನ ಪರಕಾರದ ನೆರಿಗೆ ಹಿಡಿದೆಳೆದ.

"ಕಾಕಾ, ಆ ತೂತ ಮುಚ್ಚೈತಿ. ನಾನೇ ಕುಂಕುಮ ಮೆತ್ತೇನಿ" ಎಂದೆ.

ಕಾಕಾ ನನ್ನ ಕಡೆ ನೋಡಲೂ ಇಲ್ಲ. ರಸ್ತೆ ದಂಡೆಯ ಜಾಲಿಯಿಂದ ಒಂದು ಮುಳ್ಳು ಮುರಿದು ತೂತು ಚುಚ್ಚಿ ಬಿಡಿಸಿದ, ತೋಳಿನಿಂದ ಮುಚ್ಚಳ ಒರೆಸಿದ. ಟ್ಯಾಂಕಿನೊಳಗೆ ಗಾಳಿ ಹೋಗಿ ಪೆಟ್ರೋಲು ಇಳಿಯಿತು; ಎರಡನೇ ಒದೆತಕ್ಕೆ ಎಂಜಿನ್ ಎದ್ದಿತು. ಗೋಳಗುಮ್ಮಟ ಕಾಣುವವರೆಗೂ ನಾನು ತಮ್ಮನ ಎದೆಯ ಮೇಲಿಂದ ಕೈ ತೆಗೆಯಲಿಲ್ಲ.

ಡಾಕ್ಟರು ಉದ್ದ ಇಕ್ಕಳ ಹಾಕಿ ಕಾಳು ತೆಗೆದರು. ತಿರುಗಿ ಬರುವಾಗ ಕಾಕಾ ಇಷ್ಟೇ ಅಂದ: "ಈ ಮಾತ ನಮ್ಮ ಮೂರ ಮಂದ್ಯಾಗ ಇರಲಿ, ತಂಗಿ." ಮನೆಯಲ್ಲಿ ಅವ್ವನಿಗೆ ಎಂಜಿನ್ ಕಾದು ಗಾಡಿ ನಿಂತಿತ್ತೆಂದು ಹೇಳಿದ.

ಕಾಕಾ ಹೋಗಿ ಎಷ್ಟೋ ವರ್ಷಗಳಾದವು. ಆಮೇಲೆ ಮನೆಗೆ ಯಾವ ಹೊಸ ಗಾಡಿ ಬಂದರೂ ಈರಣ್ಣ ಪಕ್ಕದಲ್ಲಿ ಬಂದು ನಿಂತು, "ಯಕ್ಕಾ, ತೂತ ಬಿಟ್ಟ ಹಚ್ಚಬೇ" ಎನ್ನುತ್ತಿದ್ದ. ನಾವಿಬ್ಬರೇ ನಗುತ್ತಿದ್ದೆವು.

ಅವನು ತೀರಿಕೊಂಡು ಎರಡು ತಿಂಗಳಾಯಿತು. ಮೊನ್ನೆ ಮೊಮ್ಮಗ ಹೊಸ ಗಾಡಿ ತಂದು, ಕುಂಕುಮದ ಬಟ್ಟಲನ್ನು ನನ್ನ ಕೈಗಿಟ್ಟ. ಬೆರಳು ಅದ್ದಿಕೊಂಡು ಹಾಗೇ ನಿಂತೆ.

"ಹಚ್ಚ ಆಯಿ, ಯಾಕ ನಿಂತಿ?"

ಇದರ ತೂತು ಎಲ್ಲಿದೆ ಎಂದು ಕೇಳಿದೆ.

"ಯಾವ ತೂತ?" ಎಂದ ಅವನು.