ಮೇಷ್ಟ್ರ ಮೂಗು ಒಡೆದ ದಿನ

ನೆನೆದರೆ ಈಗಲೂ ಖುಷಿ ತಡೆಯಲಾಗುವುದಿಲ್ಲ. ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ಓಟ ಕಲಿಸುತ್ತಿದ್ದ ಪಿ.ಟಿ. ಮೇಷ್ಟ್ರು, ಅವಳನ್ನು ಜಿಲ್ಲಾ ಓಟಕ್ಕೆ ಕಳಿಸಿ ಎಂದು ಕೇಳಲು ಮನೆಗೆ ಬಂದಿದ್ದರು.

"ದಿನಾ ನಿಧಾನಕ್ಕೆ ಓಡಿಸ್ತಿದ್ದೀನಿ. ಓಡ್ತಾ ಮಾತಾಡೋಕಾಗ್ಬೇಕು, ಆಗ್ಲೇ ದಮ್ಮು ಬೆಳೆಯೋದು," ಅಂದರು.

ಮಿಲಿಟರಿಯಿಂದ ಬಂದ ನನ್ನ ಮಗ ನಕ್ಕ. "ಹರಟೆ ಹೊಡೆಯೋಕೆ ಓಡೋದಾ? ವಾಂತಿ ಬರೋವರೆಗೆ ಓಡ್ಬೇಕು! ನನ್ನ ಮಗಳನ್ನ ಕಳ್ಸಲ್ಲ, ಹೋಗಿ."

"ನಿಮ್ಮಂಥೋರೇ ಮಕ್ಕಳ ಕಾಲು ಹಾಳು ಮಾಡೋದು."

ಮಗ ಗುದ್ದಿಯೇಬಿಟ್ಟ. ಮೇಷ್ಟ್ರ ಮೂಗಿನ ರಕ್ತ ಕಣದಲ್ಲಿ ಒಣಗುತ್ತಿದ್ದ ಕಾಫಿಯ ಮೇಲೆ ಸುರಿಯಿತು. ಮಗ ಸೌದೆ ಎತ್ತಿಕೊಂಡ. ಮೇಷ್ಟ್ರು ತೋಟದ ಏರಿನಲ್ಲಿ ಓಟ ಕಿತ್ತರು, ಇವನು ಅಟ್ಟಿಸಿಕೊಂಡು ಹೋದ.

"ಅಪ್ಪಾ, ನಾಚಿಕೆ ಆಗಲ್ವಾ? ಬಿಸಾಕು ಅದನ್ನ! ಮನೆಗೆ ಬಂದೋರಿಗೆ ಹೊಡೀತಾರಾ?" ಏರು ಮುಗಿಯುವವರೆಗೂ ಬೈಯುತ್ತಲೇ ಓಡಿದ ಮೊಮ್ಮಗಳು ಅಪ್ಪನನ್ನು ದಾಟಿ ಅಡ್ಡ ನಿಂತಳು. ಅವನು ಉಸಿರು ಸಿಗದೆ ಕುಸಿದು ಕೂತ; ಮುಂದೆ ಓಡುತ್ತಿದ್ದ ಮೇಷ್ಟ್ರೂ ನಿಂತರು.

ನಾನು ಹತ್ತಿ ತಲುಪಿದಾಗಲೂ ಅವಳ ಬೈಗುಳ ನಿಂತಿರಲಿಲ್ಲ. ಮಗನ ಬಾಯಿಂದ ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು.

"ಕರ್ಕೊಂಡ್ಹೋಗಿ... ಮೇಷ್ಟ್ರೇ."

ರಕ್ತ ಸುರಿಯುತ್ತಿದ್ದ ಆ ಮನುಷ್ಯನನ್ನು ವಿಚಾರಿಸುವುದು ಬಿಟ್ಟು, ನಾನು ಮೊಮ್ಮಗಳನ್ನು ತಬ್ಬಿಕೊಂಡು ಕುಣಿದುಬಿಟ್ಟೆ.