ಗೊತ್ತಿಲ್ಲ ಎಂದ ಗೋಪಮ್ಮ

ರಾಯಚೂರಿನ ಹಮಾಲರ ಓಣಿಯಲ್ಲಿ ಬೆಳೆದ ಗೋಪಮ್ಮನಿಗೆ ಇಪ್ಪತ್ತೆರಡನೆಯ ವಯಸ್ಸಿಗೆ, 1977ರಲ್ಲಿ, ದೇವದುರ್ಗ ತಾಲೂಕಿನ ಒಂದು ದೊಡ್ಡಿಯ ಶಾಲೆಯಲ್ಲಿ ನೌಕರಿ ಸಿಕ್ಕಿತು. ದೊಡ್ಡಿ ಎಂದರೆ ಹೊಲಗಳ ನಡುವಿನ ಇಪ್ಪತ್ತು ಮನೆ. ಅವಳು ಅರಕೇರಾದಲ್ಲಿ ಕೋಣೆ ಹಿಡಿದು, ದಿನಾ ಎರಡು ಮೈಲಿ ಹಳ್ಳದ ದಂಡೆ ಹಿಡಿದು ನಡೆಯುತ್ತಿದ್ದಳು. ಸುತ್ತೆಲ್ಲ ಬಿಸಿಲು ಕಾದರೂ ಆ ಕಾಲುದಾರಿಗೆ ಮಾತ್ರ ಉದ್ದಕ್ಕೂ ಹೊಂಗೆಯ ನೆರಳಿತ್ತು. ತಂಪು ಎಷ್ಟಿತ್ತೋ ನಿರ್ಜನವೂ ಅಷ್ಟೇ. ಮೊದಲ ವಾರ ಜೀವ ಕೈಯಲ್ಲಿ ಹಿಡಿದು ನಡೆದಳು.

ಹಳ್ಳದ ತಿರುವಿನಲ್ಲಿ ಆಡು ಕಾಯುವ ಕರೆಮ್ಮನ ಗುಡಿಸಲಿತ್ತು. ಮುದುಕಿ ಇವಳ ಅಂಜಿಕೆ ಕಂಡು, ತನ್ನ ಕೆಂದು ಬಣ್ಣದ ನಾಯಿಯನ್ನು ಕರೆದು, "ಕೆಂಚಾ, ಅಕ್ಕೋರ ಸಂಗಟ ಹೋಗು" ಅಂದಳು. ಅಂದಿನಿಂದ ಕೆಂಚ ಅವಳ ಮುಂದೆ ಮುಂದೆ ಓಡುತ್ತ ಶಾಲೆಗೆ ಹೋಗುವುದು, ಸಂಜೆಯವರೆಗೆ ಬೇವಿನ ಬುಡದಲ್ಲಿ ಮಲಗುವುದು, ಅವಳೊಂದಿಗೇ ಮರಳುವುದು ರೂಢಿಯಾಯಿತು. ಅವಳು ಬುತ್ತಿಯ ರೊಟ್ಟಿಯಲ್ಲಿ ಅರ್ಧ ಅದಕ್ಕೆ ಹಾಕುತ್ತಿದ್ದಳು.

ಮರುವರ್ಷ ಶ್ರಾವಣದ ಒಂದು ಬೆಳಿಗ್ಗೆ ಹಳ್ಳಕ್ಕೆ ಹೊಸ ನೀರು ಬಂದಿತ್ತು. ಗೋಪಮ್ಮ ನೀರಿಗೆ ಕಾಲು ಇಳಿಬಿಟ್ಟು ಕೂತಳು. ಕೆಂಚ ನೀರಿಗೆ ಬಿದ್ದು ಈಜಾಡಿತು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಶಾಲೆ ಮುಟ್ಟಿದಾಗ ಅಂಗಳದಲ್ಲಿ ಜೀಪು ನಿಂತಿತ್ತು. ಶಾಲಾ ಇನ್‌ಸ್ಪೆಕ್ಟರ್ ಶಂಭುಲಿಂಗಪ್ಪನವರು ಮಕ್ಕಳ ಮುಂದೆಯೇ, "ಇದೇನ್ ಶಾಲಿಗೆ ಬರೋ ಹೊತ್ತೇನ್ರೀ? ನಿಮಗ ನೌಕರಿ ಬ್ಯಾಡೇನು?" ಎಂದು ಗದರುತ್ತ ಕೊಡೆ ಎತ್ತಿ ಹತ್ತಿರ ಬಂದರು. ಕೊಡೆ ಕಂಡ ಕೆಂಚ ಏನು ತಿಳಿಯಿತೋ, ಹಾರಿ ಹೋಗಿ ಅವರ ಮೀನಖಂಡ ಕಚ್ಚಿತು.

ಪೈಜಾಮ ಹರಿದು ರಕ್ತ ಇಳಿಯಿತು. "ಯಾರದ್ರೀ ಈ ನಾಯಿ?"

ಗೋಪಮ್ಮನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅವಳ ಬಾಯಿ ಅವಳಿಗಿಂತ ಮೊದಲೇ ಮಾತಾಡಿಬಿಟ್ಟಿತು: "ಗೊತ್ತಿಲ್ರೀ ಸಾಹೇಬ್ರ. ಬೀದಿ ನಾಯಿ."

ದೊಡ್ಡಿಯ ಹಿರಿಯರೆಲ್ಲ ಹೊಲಕ್ಕೆ ಹೋಗಿದ್ದರು. ಮಕ್ಕಳು ಒಮ್ಮೆ ಅವಳ ಮುಖ ನೋಡಿ ತಲೆ ತಗ್ಗಿಸಿದವು.

"ಹಂಗಾರ ಹುಚ್ಚ ಹಿಡಿದದ್ದೇ ಇರಬೇಕು" ಎಂದು ಡ್ರೈವರ್ ಜೀಪಿನಿಂದ ಕಬ್ಬಿಣದ ರಾಡು ತೆಗೆದ. ಮೊದಲ ಏಟಿಗೆ ಕೆಂಚ ಕುಂಟುತ್ತ ಬಂದು ಗೋಪಮ್ಮನ ಸೀರೆಯ ಮರೆಗೆ ಹೊಕ್ಕಿತು. ಅವಳು ಸರಿದು ನಿಂತಳು. ಎರಡನೆಯ ಏಟಿಗೆ ಎಲ್ಲ ಮುಗಿಯಿತು.

ಸಂಜೆ ಗುಡಿಸಲ ಮುಂದೆ ನಿಂತು, "ಸಾಹೇಬ್ರಿಗೆ ಕಚ್ಚಿತು, ಡ್ರೈವರ್ ಹೊಡೆದುಬಿಟ್ಟ ಯವ್ವಾ" ಅಂದಳು. ತಾನು ಆಡಿದ್ದನ್ನು ಹೇಳಲಿಲ್ಲ. ಕರೆಮ್ಮ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಮುದುಕಿ ಕೋಲು ಹಿಡಿದು ದಾರಿಯಲ್ಲಿ ನಿಂತಿದ್ದಳು. "ನಡೀರಿ ಅಕ್ಕೋರ, ಶಾಲಿ ತನ ಬರ್ತೀನಿ." ಬೇಡವೆಂದರೂ ಕೇಳಲಿಲ್ಲ. ಅಂದಿನಿಂದ ದಿನವೂ ಮುಂದೆ ಆಡುಗಳು, ನಡುವೆ ಕರೆಮ್ಮ, ಹಿಂದೆ ಗೋಪಮ್ಮ. ಮುದುಕಿ ಮೊಣಕಾಲು ಹಿಡಿದು ಕೂತಾಗಲೆಲ್ಲ ಇವಳು ಆಡು ಅಟ್ಟುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯುತ್ತಿತ್ತು. ಬುತ್ತಿಯ ಅರ್ಧ ರೊಟ್ಟಿ ದಿನಾ ಹಾಗೇ ಮರಳಿ ಬರುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ದಂಡೆಯ ಮೇಲೆ ಕುಸಿದು ಕೂತು ಎಲ್ಲ ಹೇಳಿದಳು.

"ಹುಡುಗರು ಅವತ್ತೇ ಹೇಳ್ಯಾವ" ಅಂದಳು ಕರೆಮ್ಮ.

"ಗೊತ್ತಿದ್ದೂ ಯಾಕ ನನ್ನ ಸಂಗಟ ಬಂದಿ ಯವ್ವಾ?"

"ದಾರಿ ಒಂಟಿ ಅದಲ್ಲ. ನೀ ತಪ್ಪು ಮಾಡಿದಿ ಅಂತ ನಿನ್ನ ಒಬ್ಬಾಕಿನ ಬಿಡಾಕ ಆಗ್ತದೇನು?" ಆಡುಗಳನ್ನು ಕೂಗಿ ಕರೆದು ಮುದುಕಿ ಮತ್ತೆ ಅಂದಳು: "ಆ ಸಾಹೇಬನ ಹೊಟ್ಟಿಗೆ ಹದಿನಾಕು ಸೂಜಿ ಚುಚ್ಯಾರಂತ. ಸಾಕಿದ ನಾಯಿ ಅಂದಿದ್ರ ಕಟ್ಟಿ ಹಾಕಿ ಹುಚ್ಚ ಹಿಡಿದದೇನಂತ ಹತ್ತು ದಿನ ನೋಡ್ತಿದ್ರು. ಅದೂ ಉಳೀತಿತ್ತು, ಅವನಿಗೂ ಸೂಜಿ ತಪ್ತಿತ್ತು. ಅವನಿಗೂ ಹೇಳು."

ಭಾನುವಾರ ಗೋಪಮ್ಮ ಬಸ್ಸು ಹತ್ತಿ ರಾಯಚೂರಿಗೆ ಹೋಗಿ ಶಂಭುಲಿಂಗಪ್ಪನವರ ಮನೆಯ ಬಾಗಿಲಲ್ಲಿ ನಿಂತಳು. ನೌಕರಿ ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಅವರು ಎಲ್ಲ ಕೇಳಿಸಿಕೊಂಡರು.

"ಹಲ್ಲು ಕಡಿದು ಸೂಜಿ ತಗೊಂಡೀನ್ರೀ" ಅಂದರು. "ನಾನೂ ಮಕ್ಕಳ ಮುಂದ ಕೊಡಿ ಎತ್ತಬಾರದಿತ್ತು. ಹೋಗ್ರಿ, ಶಾಲಿ ನೋಡ್ಕೋರಿ."

ಅವರು ಮೇಲಿನವರಿಗೆ ಏನೂ ಬರೆಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಎಂದುಕೊಳ್ಳುತ್ತ ಗೋಪಮ್ಮ ಬಸ್‌ಸ್ಟ್ಯಾಂಡಿನವರೆಗೆ ಅಳುತ್ತ ನಡೆದಳು. ಮರುದಿನ ಶಾಲೆಯಲ್ಲಿ ಮಕ್ಕಳನ್ನು ಕೂರಿಸಿ, "ಅವತ್ತು ನಾ ಸುಳ್ಳು ಹೇಳಿದೆ" ಅಂದಳು. ಸಾಹೇಬರ ಮುಂದೆ ನಿಂತದ್ದಕ್ಕಿಂತ ಅದೇ ಕಷ್ಟವಾಯಿತು.

1985ರಲ್ಲಿ ಅವಳಿಗೆ ಮಾನ್ವಿಗೆ ವರ್ಗವಾಯಿತು. ಆಮೇಲೂ ದಸರೆಯ ರಜೆಗೊಮ್ಮೆ ಅರಕೇರಾದಲ್ಲಿ ಇಳಿದು ಹಳ್ಳದ ದಂಡೆಯಲ್ಲಿ ನಡೆದು ಹೋಗುತ್ತಿದ್ದಳು. ಕರೆಮ್ಮನಿಗೆ ನಡೆಯಲಾಗುತ್ತಿರಲಿಲ್ಲ. ಅವಳ ಕಾಲಿಗೆ ಎಣ್ಣೆ ತಿಕ್ಕಿ, ಆಡುಗಳಿಗೆ ನೀರು ಕುಡಿಸಿ, ಸಂಜೆಯ ಬಸ್ಸಿಗೆ ಮರಳುತ್ತಿದ್ದಳು. ಕೆಂಚನ ಮಾತನ್ನು ಮುದುಕಿ ಎತ್ತುತ್ತಿರಲಿಲ್ಲ. ಕ್ಷಮಿಸಿದ್ದೀಯಾ ಎಂದು ಕೇಳುವ ಧೈರ್ಯ ಗೋಪಮ್ಮನಿಗೆ ಯಾವತ್ತೂ ಬರಲಿಲ್ಲ.